ಚನ್ನಕೇಶವ ಮೇಷ್ಟ್ರ ಭೂಮಿ

ನನ್ನ ಗೆಳೆಯ ಚನ್ನಕೇಶವ ತೀರಿಕೊಂಡದ್ದು ಅಷ್ಟಗ್ರಹ ಕೂಟ ಮುಗಿದ ಮರುದಿನ ಸಂಜೆ. ಹೀಗೆ ಬರೆದ ಮೇಲೂ ಅದು ನನಗೆ ನಿಜವೆನಿಸುತ್ತಿಲ್ಲ.

ಅವನು ಯಲಹಂಕದ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ನಾನು ಕನ್ನಡದ ಮೇಷ್ಟ್ರು. ಪಕ್ಕದ ಕೋಗಿಲು ಗ್ರಾಮದ ರೈತ ಮುನಿವೆಂಕಟಯ್ಯನವರ ಮನೆಗೆ ಅಂಟಿಕೊಂಡಂತಿದ್ದ ಅವರದೇ ಇನ್ನೊಂದು ಮನೆಯಲ್ಲಿ ಅವನು, ಹೆಂಡತಿ ವರಲಕ್ಷ್ಮಮ್ಮ ಬಾಡಿಗೆಗಿದ್ದರು. ಸಂಜೆ ಜಗಲಿಯ ಮೇಲೆ ಊರ ಮಕ್ಕಳಿಗೆ ಪಾಠ. ದೇವನಹಳ್ಳಿ ಚಕ್ಕೋತ ಹಣ್ಣಿಗೆ ಸೈಕಲ್ ಕಡ್ಡಿ ಚುಚ್ಚಿ ಹಿಡಿದು ಲಾಟೀನಿನ ಸುತ್ತ ನಡೆಯುತ್ತಿದ್ದ. ಲಾಟೀನು ಸೂರ್ಯ, ಚಕ್ಕೋತ ಭೂಮಿ. ಮನೆಯ ಬಾಗಿಲು ಜಗಲಿಯ ಉತ್ತರಕ್ಕಿತ್ತು. ಧ್ರುವ ನಕ್ಷತ್ರ ಆ ಬಾಗಿಲ ಮೇಲಿದೆ ಅಂದುಕೊಳ್ಳಿ, ಎಲ್ಲಿಗೆ ಹೋದರೂ ಕಡ್ಡಿಯ ತಲೆ ಬಾಗಿಲ ಕಡೆಗೇ ವಾಲಿರಬೇಕು ಎನ್ನುತ್ತಿದ್ದ. ಬೀದಿಯ ಬದಿಯಲ್ಲಿ ನಿಂತರೆ ಆ ತಲೆ ಲಾಟೀನಿನತ್ತ ವಾಲುತ್ತಿತ್ತು, ಅದು ನಮ್ಮ ಬೇಸಿಗೆ. ಬಾಗಿಲ ಬದಿಗೆ ಬಂದರೆ ಲಾಟೀನಿನಿಂದ ಆಚೆಗೆ ವಾಲುತ್ತಿತ್ತು, ಅದು ಚಳಿಗಾಲ.

ಸಮುದ್ರ ಕಾಣದ ಮಕ್ಕಳಿಗೆ ಉಬ್ಬರವಿಳಿತ ಹೇಳುವುದು ಕಷ್ಟವಾಗಿತ್ತು. ಚಂದ್ರ ಸಮುದ್ರವನ್ನು ಎಳೆಯುವುದಾದರೆ ನಮ್ಮ ಕೆರೆ ಯಾಕೆ ಏರುವುದಿಲ್ಲ ಎಂದು ಒಬ್ಬಳು ಕೇಳಿದಳು. ಕೆರೆಯನ್ನೂ ಎಳೆಯುತ್ತಾನೆ, ಆದರೆ ಇಷ್ಟು ಚಿಕ್ಕ ನೀರಿನಲ್ಲಿ ಈ ದಡಕ್ಕೂ ಆ ದಡಕ್ಕೂ ಎಳೆತದಲ್ಲಿ ವ್ಯತ್ಯಾಸವೇ ಇಲ್ಲ ಎಂದ. ಆರಿದ್ರೆ ಮಳೆ ಗೊತ್ತಿದ್ದ ಮಕ್ಕಳಿಗೆ ಆರಿದ್ರೆ ನಕ್ಷತ್ರವನ್ನು ಚಳಿಗಾಲದ ಸಂಜೆಯ ಆಕಾಶದಲ್ಲಿ ತೋರಿಸಿದ. ಚಂದ್ರ ದಿನಕ್ಕೊಂದು ನಕ್ಷತ್ರ ದಾಟುತ್ತಾನೆ, ಯಾರಿಗಾಗಿಯೂ ನಿಲ್ಲುವುದಿಲ್ಲ ಎನ್ನುತ್ತಿದ್ದ.

ಈ ವರ್ಷ ಫೆಬ್ರವರಿಯಲ್ಲಿ ಎಂಟು ಗ್ರಹಗಳು ಒಂದೇ ರಾಶಿಗೆ ಬಂದಾಗ ಪ್ರಳಯವಾಗುತ್ತದೆಂದು ಊರೆಲ್ಲ ಹೋಮ, ಭಜನೆ. ಮುನಿವೆಂಕಟಯ್ಯನವರು ಗೋಡೆ ಬಿದ್ದೀತೆಂದು ಸಂಸಾರ ಸಮೇತ ಹೊಲದಲ್ಲಿ ಮಲಗಿದರು.

“ಗ್ರಹ ಬೀಳೋದಾದ್ರೆ ಹೊಲದಲ್ಲಿ ನೇರ ತಲೆ ಮೇಲೇ ಬೀಳ್ತವೆ ಕಣ್ರೀ. ಮನೇಲಾದ್ರೆ ಹೆಂಚಾದ್ರೂ ಅಡ್ಡ ಇರ್ತವೆ,” ಎಂದು ಚನ್ನಕೇಶವ ರೇಗಿಸಿದ.

“ನಗ್ರಿ ಮೇಷ್ಟ್ರೇ, ನಗ್ರಿ. ನಾಳಿದ್ದು ಇದ್ರೆ ನಾನೂ ನಗ್ತೀನಿ,” ಎಂದರು ಅವರು.

ಏನೂ ಆಗಲಿಲ್ಲ. ಹೊಲದಿಂದ ಹಿಂತಿರುಗಿದವರು ತಾವೇ ನಕ್ಕರು. ಆ ಸಂಜೆ ಜಗಲಿಯಲ್ಲಿ ಜಾಗವಿಲ್ಲದಷ್ಟು ಮಕ್ಕಳು. ನಾನೂ ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಚಳಿಗಾಲ ದಾಟಿ ಬೇಸಿಗೆಯ ಕಡೆಗೆ ಬರುತ್ತಿದ್ದವನು ಹಾಗೇ ಕುಸಿದು ಕುಳಿತ. ಚಕ್ಕೋತ ಉರುಳಿ ಹೊಸಿಲಿಗೆ ತಾಗಿತು. ಅದೂ ಪಾಠವೇ ಇರಬೇಕೆಂದು ಮಕ್ಕಳು ಸುಮ್ಮನೆ ಕಾದರು. ನಾನೂ ಕಾದೆ. ವರಲಕ್ಷ್ಮಮ್ಮ ಓಡಿ ಬಂದಾಗಲೇ ನನಗೆ ತಿಳಿದದ್ದು. ಇಬ್ಬರೂ ಸೇರಿ ಅವನನ್ನು ಒಳಗೆ ಎತ್ತಿಕೊಂಡು ಹೋಗಿ ನಡುಮನೆಯಲ್ಲಿ ಮಲಗಿಸಿದೆವು. ಅಲ್ಲಿ ಎರಡು ಸಲ ಉಸಿರಾಡಿದ, ಅಷ್ಟೇ.

ಮೂರನೆಯ ದಿನ ಮುನಿವೆಂಕಟಯ್ಯನವರು ಬಂದರು. ಕಣ್ಣು ಕೆಂಪಾಗಿತ್ತು. ಅಂಗಳದ ಗಾಡಿಯಲ್ಲಿ ಜಾಲಿ ಮುಳ್ಳಿನ ಹೊರೆ ಇತ್ತು.

“ಪಂಚಾಂಗ ನೋಡಿಸ್ದೆ ಕಣವ್ವ. ಸತಭಿಷ. ಆ ನಕ್ಷತ್ರದಾಗೆ ಮನೆಯೊಳ್ಗೆ ಜೀವ ಓದ್ರೆ ಆರು ತಿಂಗ್ಳು ಬಾಗ್ಲಿಗೆ ಮುಳ್ಳು ಆಕ್ಬೇಕು. ಜಗಲೀಲೇ ಬಿಟ್ಟಿದ್ರೆ ಈ ಮನೆ ಉಳೀತಿತ್ತು.”

ಸಾಯುವವನನ್ನು ಒಳಗೆ ತಂದದ್ದೇ ತಪ್ಪೇ? ಈಗ ಆಕೆ ಎಲ್ಲಿಗೆ ಹೋಗಬೇಕು?

ವರಲಕ್ಷ್ಮಮ್ಮ ತಲೆ ಎತ್ತಿ ಹೇಳಿದರು: “ಚಂದ್ರ ಆ ನಕ್ಷತ್ರ ದಾಟಿ ಹೋಗಿ ಆಯ್ತು, ಮುನಿವೆಂಕಟಯ್ಯನವರೇ. ನಾನು ಆರು ತಿಂಗಳು ಹೊರಗಿರಬೇಕಾ?”

ಅವರು ಮೆಲ್ಲಗೆ, ಸೊಸೆ ಸೊಣ್ಣಮ್ಮನಿಗೆ ದಿನ ತುಂಬಿದೆ, ಎರಡು ಮನೆಗೂ ಇರುವುದು ಒಂದೇ ಗೋಡೆ, ಅವಳು ಅನ್ನ ಬಿಟ್ಟು ಅಳುತ್ತಿದ್ದಾಳೆ ಎಂದರು.

ನಾನು ವಾದಕ್ಕೆ ಎದ್ದೆ. ಆಕೆ ತಡೆದರು. “ಬೇಡಿ. ಹೆದರಿ ಹೋಗ್ತಿಲ್ಲ ನಾನು. ಆ ಹುಡುಗಿಗೆ ಏನಾದ್ರೂ ಆದ್ರೆ ನಮ್ಮ ಯಜಮಾನರ ಹೆಸರು ಹೇಳ್ತಾರೆ. ಅದು ಬೇಡ.”

ಕರ್ಮ ಮುಗಿದ ಮೇಲೆ ಯಶವಂತಪುರದಿಂದ ವರಲಕ್ಷ್ಮಮ್ಮನವರ ಅಣ್ಣ ಬಂದು ಅವರನ್ನು ಕರೆದುಕೊಂಡು ಹೋದರು. ಹೋಗುವ ಮುಂಚೆ ಆಕೆ ಆ ಚಕ್ಕೋತವನ್ನು ನನ್ನ ಕೈಗಿಟ್ಟರು. ಒಣಗಿ ಹಗುರವಾಗಿತ್ತು, ಕಡ್ಡಿ ಮಾತ್ರ ಬಿಗಿಯಾಗಿತ್ತು.

ನಿನ್ನೆ ಸಂಜೆ ಚಕ್ಕೋತ ಹಿಡಿದು ಆ ಮನೆಯ ಮುಂದೆ ಹೋದೆ, ಮಕ್ಕಳೂ ಬಂದಿದ್ದರು. ಜಗಲಿ ಹತ್ತುವಂತಿಲ್ಲ, ಬೀದಿಯಲ್ಲೇ ಕುಳಿತರು. ಲಾಟೀನಿಟ್ಟು, ಕಡ್ಡಿಯ ತಲೆ ಯಾವ ಕಡೆಗೆ ವಾಲಬೇಕು ಎಂದು ಕೇಳಿದೆ. ಮಕ್ಕಳೆಲ್ಲ ಒಟ್ಟಿಗೆ ಮುಳ್ಳು ಹೇರಿದ ಬಾಗಿಲ ಕಡೆ ಕೈ ತೋರಿಸಿದರು.