ಗುಂಯ್‌ಗುಡುವ ತೋಳು

ರಾಮನಗರದಲ್ಲಿ ಡಯಾಲಿಸಿಸ್ ಯಂತ್ರ ನೋಡಿಕೊಳ್ಳುವವನು ನಾನು. ಕೋಡಿಹಳ್ಳಿ ಕಡೆಯ ಕೆಂಪಮ್ಮಜ್ಜಿಯ ತೋಳಿಗೆ ಡಯಾಲಿಸಿಸ್‌ಗೆಂದು ಕೃತಕ ರಕ್ತನಾಳ ಹಾಕಿದ ಮೇಲೆ ದೊಡ್ಡ ಭಾಷಣವನ್ನೇ ಬಿಗಿದಿದ್ದೆ. "ರಕ್ತ ರಭಸವಾಗಿ ಹರೀತಿದ್ರೆ ನಾಳದೊಳಗೆ ಬೆಳೆದ ಮಾಂಸ ಸವೆದು ಕರಗುತ್ತೆ. ಹರಿವು ಕಮ್ಮಿಯಾದ್ರೆ ಅದೇ ದಪ್ಪಗಾಗಿ ದಾರಿ ಮುಚ್ಚುತ್ತೆ. ಮುಟ್ಟಿದ್ರೆ ತೋಳು ಗುಂಯ್ ಅಂತಿರ್ಬೇಕು, ಆಗ ರಕ್ತ ಹರೀತಿದೆ ಅಂತ, ತಿಳೀತಾ?" ಅಜ್ಜಿ ತಲೆಯಾಡಿಸಿದ್ದರು. ನನ್ನ ಪಾಂಡಿತ್ಯಕ್ಕೆ ನಾನೇ ತಲೆದೂಗಿದ್ದೆ.

ಮುಂದಿನ ವಾರ ನಗುನಗುತ್ತಾ ಬಂದರು. "ಗುಂಯ್ ಅನ್ನೋದು ನಿಂತೋಯ್ತು ಕಣಪ್ಪ. ಅದೇನೋ ಒಳಗೆ ಸೇರ್ಕೊಂಡು ಹಂಗೆ ಗುಂಯ್‌ಗುಡ್ತಿತ್ತಂತೆ. ಬೆಳಿಗ್ಗೆ ನಮ್ ಪೂಜಾರಪ್ಪ ದಾರ ಕಟ್ಕೊಟ್ಟ."

ಸೆರಗು ಸರಿಸಿ ನೋಡಿದೆ. ಸರಿಯಾಗಿ ಆ ನಾಳದ ಮೇಲೇ ಏಳು ಗಂಟಿನ ಕಪ್ಪು ದಾರ, ಪುಂಡ ಹೋರಿಯನ್ನು ಗೂಟಕ್ಕೆ ಬಿಗಿದ ಹಾಗೆ! ಪೂಜಾರಪ್ಪನ ಕಸುಬು ಅಂದ್ರೆ ಕಸುಬು. ದೆವ್ವದ ಜೊತೆ ರಕ್ತವನ್ನೂ ಕಟ್ಟಿಹಾಕಿದ್ದ.

ಕತ್ತರಿ ಎತ್ತಿಕೊಂಡು ದಾರ ಕತ್ತರಿಸಿದೆ. ಪುಣ್ಯಕ್ಕೆ ರಕ್ತ ಇನ್ನೂ ಹೆಪ್ಪುಗಟ್ಟಿರಲಿಲ್ಲ. ಬೆರಳಡಿ ಮತ್ತೆ ಗುಂಯ್ ಅಂದಿತು. ಅಬ್ಬಾ ಎಂದು ಉಸಿರು ಬಿಟ್ಟೆ.

ಅಜ್ಜಿ ನನ್ನನ್ನೇ ದುರುಗುಟ್ಟಿ ನೋಡಿದರು.

"ಅವ್ನು ಓಡ್ಸಿದ್ದನ್ನ ಮತ್ತೆ ಕರ್ಕೊಂಡ್ ಬಂದ್ಬುಟ್ಯಲ್ಲಪ್ಪ! ನಿನ್ ಕೈಗುಣನೇ ಸರಿಯಿಲ್ಲ ಕಣ."