ಹರಿದ ಕಾಗದಗಳ ಉಮಾಮಹೇಶ್ವರಿ

ಆ ಬುಧವಾರ ಬೆಳಗ್ಗೆಯಿಂದ ನನಗೆ ಒಂದೇ ಯೋಚನೆ. ಮಧ್ಯಾಹ್ನ ಮೂರಕ್ಕೆ ಚಿತ್ರಶಾಲೆಗೆ ಪರೀಕ್ಷಕರು ಬರುತ್ತಾರೆ, ಉಮಾಮಹೇಶ್ವರಿಯ ಚಿತ್ರಕ್ಕೆ ಹೊದಿಸಿದ ಬಟ್ಟೆ ಸರಿಸುತ್ತಾರೆ, ಬಲಗಡೆಯ ಕೆಳಮೂಲೆ ಹಾಳಾಗಿರುವುದು ಅವಳಿಗೆ ಆಗಲೇ ಗೊತ್ತಾಗುತ್ತದೆ. ಹಾಳು ಮಾಡಿದವಳು ನಾನು. ಅನ್ನಕ್ಕಿಟ್ಟ ಎಸರು ಕುದಿದು ಅರ್ಧವಾದರೂ ಅಕ್ಕಿ ಹಾಕಲು ಮರೆತಿದ್ದೆ. ಮಗು ಬೇರೆ ಮೂರು ದಿನದಿಂದ ಮೈ ಬಿಸಿ ಮಾಡಿಕೊಂಡು ಕಂಕುಳಿಂದ ಇಳಿಯುತ್ತಿರಲಿಲ್ಲ.

ಉಮಾ ತಿಪಟೂರಿನ ಕಡೆಯವಳು. ಜಯನಗರದಲ್ಲಿ ನಮ್ಮ ಪಕ್ಕದ ಮನೆಯ ಗುರುಶಾಂತಪ್ಪನವರು ಅವಳ ಸೋದರಮಾವ; ಚಿಕ್ಕಪೇಟೆಯಲ್ಲಿ ಜವಳಿ ವ್ಯಾಪಾರ. ಡ್ರಾಯಿಂಗ್ ಟೀಚರ್ ಆಗಲೆಂದು ಅವಳನ್ನು ಇಲ್ಲಿ ಓದಲು ಬಿಟ್ಟಿದ್ದ ತಂದೆ, ಅರವತ್ತನಾಲ್ಕನೇ ಇಸವಿಯ ಈ ಪರೀಕ್ಷೆ ಒಂದೇ, ಫೇಲಾದರೆ ಮತ್ತೆ ಕಟ್ಟಿಸುವ ಮಾತಿಲ್ಲ ಎಂದು ಮೊದಲೇ ಹೇಳಿದ್ದರಂತೆ. ಇಪ್ಪತ್ತರ ಹುಡುಗಿ, ಸಣಕಲು, ಉಗುರಿನ ಸಂದಿಯಲ್ಲಿ ಯಾವಾಗಲೂ ಕೆಮ್ಮಣ್ಣು. ನಡೆಯುವಾಗ ಕಣ್ಣು ನೆಲದ ಮೇಲೆ. ಬಸ್ ಟಿಕೆಟ್ಟು, ಬೆಂಕಿಪೊಟ್ಟಣದ ಚೀಟಿ, ಮಾವನ ಅಂಗಡಿಯ ಲೇಬಲ್ಲು, ಹರಿದ ಗೋಣಿ, ಏನು ಸಿಕ್ಕರೂ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಇವಳನ್ನು ಓದಿಸುವ ಬದಲು ಕಸ ಗುಡಿಸಲು ಸೇರಿಸಿದ್ದರೆ ರಸ್ತೆಯಾದರೂ ಚೊಕ್ಕಟವಾಗಿರುತ್ತಿತ್ತು ಎಂದು ಮಾವನ ಹೆಂಡತಿ ಗಿರಿಜಾದೇವಿ ಹಂಗಿಸುತ್ತಿದ್ದರು. ಉಮಾ ನಗುತ್ತಿದ್ದಳು, ಆರಿಸುವುದನ್ನು ಮಾತ್ರ ಬಿಡುತ್ತಿರಲಿಲ್ಲ.

ಕೊಲಾಜ್ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅವಳ ಬಾಯಲ್ಲಿ. ಟೀ ಪೆಟ್ಟಿಗೆಯ ಹಲಗೆಗೆ ಗೋಣಿ ಬಿಗಿದು, ಸುಣ್ಣ ಕೆಮ್ಮಣ್ಣು ಬಳಿದು, ಅದರ ಮೇಲೆ ಕಾಗದದ ಚೂರುಗಳನ್ನು ಒಂದರ ಪಕ್ಕ ಒಂದು ಅಂಟಿಸುತ್ತಾ ಹೋಗುವುದು. ಮಾವನ ಮನೆಯಲ್ಲಿ ಬಟ್ಟೆಯ ಗಂಟುಗಳ ನಡುವೆ ಜಾಗವಿಲ್ಲವೆಂದಾಗ, ನಮ್ಮ ಮುಂದಿನ ಕೋಣೆಯಲ್ಲಿ ಮಾಡಿಕೋ ಎಂದುಬಿಟ್ಟೆ. ಅಲ್ಲಿಂದ ನನ್ನ ಪೇಚಾಟ ಶುರು. ಹುಳ ಹಿಡಿಯಬಾರದೆಂದು ಅವಳು ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದಳು. ಅಂಬೆಗಾಲಿಡುವ ಮಗು ಆ ವಿಷಕ್ಕೆ ಬೆರಳದ್ದಿ ಬಾಯಿಗಿಟ್ಟರೆ? ದಿನಕ್ಕೆ ಹತ್ತು ಸಲ ಹೋಗಿ ಬಟ್ಟಲನ್ನು ಎತ್ತಿಡುತ್ತಿದ್ದೆ. ಅವಳು ಬೇಸರಪಡದೆ ಗೋಡೆಗೆ ಮೊಳೆ ಹೊಡೆದು ಬಟ್ಟಲನ್ನು ನೇತುಹಾಕಿದಳು.

ಸೋಮವಾರ ಮಗುವನ್ನು ತಟ್ಟುತ್ತಾ ಆ ಚಿತ್ರದ ಮುಂದೆ ಓಡಾಡುತ್ತಿದ್ದಾಗ ಒಂದು ಚೂರಿನ ಮೇಲೆ ‘ದೈವಾಧೀನರಾದರು’ ಎಂದಿತ್ತು. ಪಕ್ಕದ್ದರಲ್ಲಿ ‘ಶಿವೈಕ್ಯ’. ಇನ್ನೊಂದರಲ್ಲಿ ‘ವೈಕುಂಠ ಸಮಾರಾಧನೆ’. ಚಿತ್ರದ ತುಂಬ ಸಾವಿನ ಕಾಗದಗಳು. ನಾವು ಓದಿದ ಕೂಡಲೇ ಹರಿದೆಸೆದು, ಒಳಗೆ ತರದೆ, ತಲೆಗೆ ನೀರು ಹಾಕಿಕೊಳ್ಳುತ್ತೇವಲ್ಲ, ಅವು.

ಕರೆದು ಕೇಳಿದೆ. ಬೇಲಿಯ ಬುಡದಲ್ಲಿ, ಮೋರಿಯ ಪಕ್ಕದಲ್ಲಿ ಬಿದ್ದಿದ್ದನ್ನು ಎರಡು ವರ್ಷದಿಂದ ಕೂಡಿಸಿದ್ದಂತೆ.

“ನಮ್ಮ ಲಿಂಗಾಯತರಲ್ಲಿ ಸೂತಕ ಇಲ್ಲ ಅಕ್ಕ. ಯಾರೋ ಅಳ್ತಾ ಕೂತ್ಕೊಂಡು ಬರೆದಿರೋದು ಇದು. ಒಂದ್ಸಲ ಓದಿ ಹರಿದುಬಿಟ್ರೆ ಮುಗೀತಾ?”

ನಮ್ಮ ಮನೆಯ ಒಡತಿ ಅಕ್ಕಯಮ್ಮ, ಯಡಿಯೂರಿನ ಹಳೇ ಒಕ್ಕಲಿನವರು, ಹಾಲು ಕೊಡಲು ಬಂದವರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು.

“ಸತ್ತೋರ ಕಾಗ್ದಾನ ತೊಟ್ಲ ಪಕ್ಕದಾಗೆ ಇಟ್ಕಂಡು ಮಗೀಗೆ ಜ್ವರ ಅಂದ್ರೆ, ಡಾಕ್ಟ್ರಾದ್ರೂ ಏನ್ ಮಾಡಾನು ತಾಯಿ?”

ಪೇಟೆಯ ಹೈಸ್ಕೂಲಿನಲ್ಲಿ ಓದಿದವಳು ನಾನು, ಇದನ್ನೆಲ್ಲ ನಂಬುವುದಿಲ್ಲ ಎಂದುಕೊಂಡೆ. ಹಾಗೆಂದುಕೊಳ್ಳುತ್ತಲೇ ತೊಟ್ಟಿಲನ್ನು ಒಳಕೋಣೆಗೆ ಎಳೆದೆ. ಮಂಗಳವಾರ ಮಧ್ಯಾಹ್ನ ಮತ್ತೆ ಹೋಗಿ ಚಿತ್ರದ ಮುಂದೆ ನಿಂತೆ. ಬಲಗಡೆಯ ಕೆಳಮೂಲೆಯಲ್ಲಿ ನನ್ನ ಅಣ್ಣನ ಅಕ್ಷರ. ‘ಅಮ್ಮ ಕೊನೆಗೆ ಅವಳ ಹೆಸರನ್ನೇ’, ಅಷ್ಟಕ್ಕೆ ಹರಿದಿತ್ತು.

ಅಮ್ಮ ಹೋದಾಗ ನಾನು ಎಂಟು ತಿಂಗಳ ಬಸುರಿ. ಅಣ್ಣ ನನ್ನ ಯಜಮಾನರಿಗೆ ಬರೆದ ಕಾರ್ಡನ್ನು ಅವರು ಗೇಟಿನ ಹತ್ತಿರವೇ ಓದಿ ಹರಿದು, ನಾಲ್ಕು ದಿನ ಬಿಟ್ಟು ನನಗೆ ವಿಷಯ ತಿಳಿಸಿದ್ದರು. ಅದರಲ್ಲಿ ಏನು ಬರೆದಿತ್ತೆಂದು ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಒದ್ದೆ ಬಟ್ಟೆ ಒತ್ತಿ ಆ ಚೂರನ್ನು ಕಿತ್ತೆ. ಮಗುವಿನ ಜ್ವರಕ್ಕೆ ಹೆದರಿ ಕಿತ್ತೆನೋ, ಅಣ್ಣನ ಅಕ್ಷರ ಬೇಕೆಂದು ಕಿತ್ತೆನೋ, ಈಗಲೂ ಹೇಳಲಾರೆ. ಅದರ ಜೊತೆ ಅಂಗೈಯಗಲ ಸುಣ್ಣ, ಕೆಮ್ಮಣ್ಣು ಎದ್ದುಬಂದು ಗೋಣಿ ಕಾಣಿಸಿತು. ಗಾಬರಿಯಲ್ಲಿ ಹಳೇ ಕ್ಯಾಲೆಂಡರಿನ ತುಂಡೊಂದನ್ನು ಅಲ್ಲಿಗೆ ಮೆತ್ತಿ, ಮೇಲೆ ದುಪ್ಪಟಿ ಹೊದಿಸಿಬಿಟ್ಟೆ. ಬುಧವಾರ ಬೆಳಗ್ಗೆ ಜಟಕಾ ಬಂತು. ಉಮಾ ದುಪ್ಪಟಿ ಸಮೇತ ಹಲಗೆಯನ್ನು ಎತ್ತಿಕೊಂಡು, ಧೂಳು ಬೀಳದ ಹಾಗೆ ಮುಚ್ಚಿಟ್ಟಿದ್ದೀರಲ್ಲ ಅಕ್ಕ ಎಂದು ಸಂತೋಷಪಟ್ಟಳು. ನಾನು ಜಟಕಾದವರೆಗೆ ಹೋಗಿ ಹಲಗೆಯ ಇನ್ನೊಂದು ತುದಿ ಹಿಡಿದುಕೊಟ್ಟೆ.

ಹನ್ನೊಂದಕ್ಕೆ ಮಗುವನ್ನೆತ್ತಿಕೊಂಡು ಡಾಕ್ಟರ್ ರಾಮಪ್ರಸಾದರ ಕ್ಲಿನಿಕ್ಕಿಗೆ ಹೋದೆ. ಹೋಗುವ ಮುಂಚೆ ಗಿರಿಜಾದೇವಿಯವರಿಂದ ಚಿತ್ರಶಾಲೆಯ ಫೋನ್ ನಂಬರು ಬರೆಸಿಕೊಂಡಿದ್ದೆ. ಯಾಕೆಂದು ಅವರು ಕೇಳಿದ್ದಕ್ಕೆ ಸುಮ್ಮನೆ ಎಂದಿದ್ದೆ. ಡಾಕ್ಟರು ಮಗುವಿನ ಒಸಡನ್ನು ಒತ್ತಿ ನೋಡಿದರು.

“ಹಲ್ಲು ಬರ್ತಿದೆಯಮ್ಮ, ಅಷ್ಟೇ. ಔಷಧಿ ನಿಮಗೇ ಕೊಡ್ಬೇಕು ಅನ್ಸುತ್ತೆ.”

ಕಾಯುವವರ ಬೆಂಚಿನ ಮೇಲೆ ಕೂತೆ, ಎದ್ದೆ, ಗೇಟಿನವರೆಗೆ ಹೋಗಿ ಎರಡು ಸಲ ವಾಪಸು ಬಂದೆ. ಹೇಳಿದರೆ ಅವಳು ಇನ್ನು ನಮ್ಮ ಮನೆಯ ಹೊಸಿಲು ತುಳಿಯದೆ ಇರಬಹುದು. ಹೇಳದಿದ್ದರೆ ಪರೀಕ್ಷಕರ ಮುಂದೆ, ತಾನು ಅಂಟಿಸದ ಕ್ಯಾಲೆಂಡರಿನ ತುಂಡಿಗೆ ಅವಳು ಏನು ಉತ್ತರ ಕೊಡಬೇಕು? ಈಗ ಗೊತ್ತಾದರೆ ಸರಿಮಾಡಿಕೊಳ್ಳಲು ಮೂರು ಗಂಟೆಯಾದರೂ ಸಿಗುತ್ತದೆ. ಒಳಗೆ ಹೋಗಿ, ಒಂದು ಫೋನ್ ಮಾಡಿಕೊಳ್ಳಲೇ ಎಂದು ಡಾಕ್ಟರನ್ನು ಕೇಳಿದೆ. ಆ ಕಡೆಯ ಗುಮಾಸ್ತರು ಉಮಾಳನ್ನು ಕರೆಸುವಷ್ಟರಲ್ಲಿ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡೆ.

“ಯಾರು, ಅಕ್ಕಾನಾ? ಮಗು ಹೇಗಿದೆ?”

“ಮಗೂಗೆ ಏನಿಲ್ಲ. ಉಮಾ, ಬಟ್ಟೆ ತೆಗೆದು ಬಲಗಡೆ ಕೆಳಮೂಲೆ ನೋಡು. ಅದನ್ನ ಕಿತ್ತಿದ್ದು ನಾನು. ನಮ್ಮಮ್ಮ ಹೋದಾಗ ಅಣ್ಣ ಬರೆದಿದ್ದ ಕಾಗದ ಅದು.”

ಅವಳ ಹಿಂದೆ ಯಾರೋ ಬೆಂಚು ಎಳೆದ ಸದ್ದು ಕೇಳಿಸಿತು.

“ನಿಮ್ಮದು ಅಂತ ನಂಗೆ ಗೊತ್ತಿರ್ಲಿಲ್ಲ ಅಕ್ಕ,” ಎಂದಳು. “ಈಗ ಎಲ್ಲಿದೆ?”

“ನನ್ನ ಪರ್ಸಿನಲ್ಲಿದೆ. ಹನ್ನೆರಡರ ಬಸ್ಸಿಗೆ ತರ್ತೀನಿ. ನೀನೇ ಮತ್ತೆ ಅಂಟಿಸು.”