ಪಂಚಮಿ ಖಣದ ಬಾವುಟ

ಪದ್ಮಜಾ ಟೀಚರ್ ರಣರಂಗಕ್ಕೆ ಇಳಿದದ್ದು ರಬ್ಬರ್ ಬೂಟಿನಲ್ಲಿ. ಕೈಯಲ್ಲಿ ಸಲಿಕೆ, ಬಗಲಲ್ಲಿ ಬಿದಿರುಕಡ್ಡಿಗಳ ಕಟ್ಟು, ಎದುರಿಗೆ ಶತ್ರು: ಸ್ವಂತ ಅಣ್ಣ ವ್ಯಾಸರಾಜ.

ಆಕೆ ಬಾದಾಮಿಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಮಕ್ಕಳು ಹಿಂದಿನಿಂದ ‘ಕೆಸರವ್ವ’ ಅನ್ನುತ್ತಾರೆ. ಎದುರಿಗೇ ಅಂದರೂ ಆಕೆಗೆ ಬೇಸರವಿಲ್ಲ. ಶಿವಯೋಗ ಮಂದಿರದ ಹತ್ತಿರ ಅಣ್ಣ-ತಂಗಿಗೆ ತಂದೆಯಿಂದ ಬಂದ ಹೊಲವಿದೆ. ಅದರ ತಗ್ಗಿನಲ್ಲಿ ಸದಾ ನೀರು ಜಿನುಗುವ ಜೌಗು, ಊರವರ ಬಾಯಲ್ಲಿ ಜವಳು. ಅಣ್ಣನಿಗೆ ಅಲ್ಲಿ ಪ್ಲಾಟುಗಳು ಕಾಣುತ್ತಿದ್ದವು, ತಂಗಿಗೆ ಸುತ್ತಲಿನ ಬಾವಿಗಳ ಜೀವ. ಜಗಳವಾಡಿ ದಣಿದು ಇಬ್ಬರೂ ಒಂದು ಮಾತಿಗೆ ಬಂದರು: ಜೌಗಿನ ಗಡಿಯನ್ನು ಪದ್ಮಜಾ ಗುರುತಿಸಬೇಕು, ಸರ್ವೇಯರ್ ಅದನ್ನೇ ನಕ್ಷೆಗೆ ಏರಿಸಬೇಕು, ಗಡಿಯೊಳಗೆ ಯಾರೂ ಕಟ್ಟಕೂಡದು. ಮಾತು ಕೊಟ್ಟು ಬಂದ ವ್ಯಾಸರಾಜ ಮೊದಲು ಮಾಡಿದ ಕೆಲಸವೆಂದರೆ ಜೌಗಿನಲ್ಲಿ ಬೆಳೆಯುವ ಜೇಕಿನ ಹುಲ್ಲನ್ನೆಲ್ಲ ಕೀಳಿಸಿ, ಚಾಂದಸಾಬನ ಟ್ರ್ಯಾಕ್ಟರಿನಿಂದ ಕೆಂಪು ಗರಸು ಮಣ್ಣು ಸುರಿಸಿದ್ದು.

“ಎಲ್ಲದ ಪದ್ದಿ, ನಿನ್ನ ಜವಳು?” ಛತ್ರಿಯ ನೆರಳಿನಿಂದ ಕೇಳಿದ. “ನೆಲಾ ಹಪ್ಪಳದಂಗ ಒಣಗೇದ!”

“ಪೌಡರ ಬಳದ್ರ ಮಾರಿ ಬದಲಾಗ್ತದೇನು, ಅಣ್ಣಾ?”

ಗರಸು ಸರಿಸಿ ಅಗೆದಳು. ಅಡಿಯಲ್ಲಿ ಬೂದುಬಣ್ಣದ ಜಿಗುಟು ಮಣ್ಣು, ಕೊಳೆತ ಮೊಟ್ಟೆಯ ನಾತ, ಹಳೆಯ ಬೇರುಗಳ ಜಾಡಿನಲ್ಲಿ, ನೀರು ನಿಂತ ನೆಲಕ್ಕೆ ಸಾಕ್ಷಿಯಾಗಿ, ತುಕ್ಕಿನ ಗೆರೆಗಳು. ಗುಂಡಿಯ ತಳದಲ್ಲಿ ನೀರು ಮೆಲ್ಲಗೆ ತಲೆಯೆತ್ತಿತು.

“ಹುಲ್ಲು ನಿನ್ನ ಮಾತು ಕೇಳಿ ಎದ್ದು ಹೋತು. ನೀರಿಗೆ ಯಾರು ಹೇಳವ್ರು?”

ದಿಬ್ಬದ ಕಡೆಗೆ ಅಗೆಯುತ್ತ ಹೋದಳು. ತುಕ್ಕಿನ ಗೆರೆ ಎಲ್ಲಿ ನಿಂತಿತೋ ಅಲ್ಲಿ ಕಡ್ಡಿ ನೆಟ್ಟು, ತುದಿಗೆ ಗುಳೇದಗುಡ್ಡದ ಖಣದ ತುಂಡು ಕಟ್ಟಿ, ಆ ಜಾಗವನ್ನು ಮೊಬೈಲಿನ ನಕ್ಷೆಯಲ್ಲಿ ಗುರುತು ಹಾಕಿಕೊಂಡಳು.

ವ್ಯಾಸರಾಜ ಕಣ್ಣು ಕಿರಿದು ಮಾಡಿದ. “ಇವು ಪಂಚಮಿಗೆ ಕುಪ್ಪಸಕ್ಕಂತ ನಾ ಕೊಟ್ಟ ಖಣ ಅಲ್ಲೇನು?”

“ಹೌದು. ವರ್ಷಾ ವರ್ಷಾ ಕೊಡ್ತಿ, ಒಂದೂ ನನ್ನ ಮೈಗೆ ಸಾಲಂಗಿಲ್ಲ. ಹೊಲಕ್ಕ ಛಲೋ ಸಾಲ್ತಾವ ನೋಡು.”

ಟ್ರ್ಯಾಕ್ಟರಿನ ಮೇಲಿದ್ದ ಚಾಂದಸಾಬ ನಕ್ಕು, ವ್ಯಾಸರಾಜ ತಿರುಗಿದ್ದೇ ತಡ, ಕೆಮ್ಮತೊಡಗಿದ.

ಬಾವುಟಗಳ ದಂಡು ಮುನ್ನುಗ್ಗಿ, ದಿಬ್ಬದಲ್ಲಿ ಪದ್ಮಜಾಳ ಹೊಸ ಮನೆಗೆ ತೋಡಿದ ಬುನಾದಿಯ ಬಳಿ ಗಕ್ಕನೆ ನಿಂತಿತು. ಬುನಾದಿಯ ಗೋಡೆಯಲ್ಲೂ ಅದೇ ತುಕ್ಕಿನ ಗೆರೆ.

ವ್ಯಾಸರಾಜನ ದನಿ ಬೆಲ್ಲವಾಯಿತು. “ಗಡಿ ಚೂರು ಕೆಳಗ ಸರಸು. ನಿನ್ನ ಮನೀನೂ ಉಳೀತದ, ನನ್ನ ಪ್ಲಾಟೂ ಉಳೀತಾವ. ಯಾರು ನೋಡ್ಯಾರ?”

ಬಾಡಿಗೆ ಮನೆಯ ಕತ್ತಲೆ ಅಡಿಗೆಮನೆಯಲ್ಲಿ ನಿಂತು ಆಕೆ ಎಷ್ಟೋ ವರ್ಷ ಮನಸ್ಸಿನಲ್ಲೇ ಈ ಹೊಸ ಮನೆಯ ಕಿಟಕಿಗಳನ್ನು ತೆರೆದು ಮುಚ್ಚಿದ್ದಳು. ಗೃಹಪ್ರವೇಶಕ್ಕೆಂದು ಎತ್ತಿಟ್ಟಿದ್ದ ಖಣವೂ ಚೀಲದಲ್ಲೇ ಇತ್ತು. ಒಂದು ಗಳಿಗೆ ಅದನ್ನು ಸವರಿದಳು. ಆಮೇಲೆ ಕತ್ತರಿಸದೆ, ಇಡಿಯಾಗಿ ಕಡ್ಡಿಗೆ ಕಟ್ಟಿ, ಬುನಾದಿಯನ್ನು ದಾಟಿ, ತುಕ್ಕಿನ ಗೆರೆ ಮುಗಿದ ಮೇಲಿನ ಅಂಚಿಗೆ ನೆಟ್ಟಳು.

“ನನ್ನ ಪಡಸಾಲಿ, ದೇವರಮನಿ, ಎಲ್ಲಾ ಜವಳಿನೊಳಗ ಹೋದ್ವು. ಈಗ ನಿನ್ನ ಪ್ಲಾಟ್ ಹ್ಯಾಂಗ ಉಳೀತಾವ, ಹೇಳು!”

ವ್ಯಾಸರಾಜ ಛತ್ರಿ ಮಡಚಿದ, ಮತ್ತೆ ಬಿಚ್ಚಿದ.

“ರಾಯರ,” ಚಾಂದಸಾಬ ಇಂಜಿನ್ ಚಾಲೂ ಮಾಡಿದ, “ಗರಸು ವಾಪಸ್ ತುಂಬ್ಲೇನ್ರಿ?”

ಅಷ್ಟರಲ್ಲಿ ಬುನಾದಿಯಲ್ಲಿ ಒಂದು ಕಪ್ಪೆ ಗೃಹಪ್ರವೇಶ ಮುಗಿಸಿತ್ತು.